ಬಣ್ಣ ಇಳಿಯಲಿ, ಅಕ್ಷರ ಅಳಿಯದಿರಲಿ

ಟಿವಿ ಪರದೆಯ ಕೆಳಪಟ್ಟಿಯಲ್ಲಿ ಕೆಂಪು ಮೆಲ್ಲಗೆ ಹಳದಿಗೆ ತಿರುಗುತ್ತದೆ, ಅದರ ಮೇಲೆ ಬಿಳಿ ಅಕ್ಷರಗಳು ಓಡುತ್ತವೆ ಎಂದುಕೊಳ್ಳಿ. ಕೆಂಪಿನ ಮೇಲೆ ಎದ್ದು ಕಂಡ ಪದ ಹಳದಿಯ ತುದಿ ಮುಟ್ಟುವಷ್ಟರಲ್ಲಿ ಕರಗಿರುತ್ತದೆ. ಅಚ್ಚ ಕೆಂಪು ಮತ್ತು ಬಿಳಿಯ ನಡುವಿನ ಕಾಂಟ್ರಾಸ್ಟ್ ಸುಮಾರು 4:1; ಹಳದಿ-ಬಿಳಿಯ ನಡುವೆ ಅದು 1:1ಕ್ಕಿಂತ ತುಸುವೇ ಹೆಚ್ಚು. ವೆಬ್ ಬರಹದ ಅಂತರರಾಷ್ಟ್ರೀಯ ಮಾನದಂಡ ದೊಡ್ಡ ಅಕ್ಷರಕ್ಕೂ ಕನಿಷ್ಠ 3:1 ಕೇಳುತ್ತದೆ. ಒತ್ತಕ್ಷರಗಳು ಸಾಲಿನ ಕೆಳಗೆ ಸಣ್ಣದಾಗಿ ಕೂರುವ ಕನ್ನಡಕ್ಕೆ ಈ ನಷ್ಟ ಇನ್ನೂ ದೊಡ್ಡದು. ಆದ್ದರಿಂದ ಹೀಗೆ ಒಂದು ಬಣ್ಣ ಮೆಲ್ಲಗೆ ಇನ್ನೊಂದಾಗುವ ಗ್ರೇಡಿಯಂಟನ್ನು ಬರೀ ಅಲಂಕಾರವೆಂದು ನೋಡಬಾರದು. ಓದುಗನ ಕಣ್ಣಿಗೆ ಅದು ಉತ್ತರ ಕೊಡಬೇಕು.

ಒಂದೇ ಬಣ್ಣ ಸಪ್ಪೆ, ಗ್ರೇಡಿಯಂಟ್ ಇದ್ದರೇ ಆಳ ಎನ್ನುವವರ ಮಾತಿನಲ್ಲಿ ಹುರುಳಿದೆ. ಅಂಚು ಕಪ್ಪಾಗಿ ನಡು ಬೆಳಗಿದರೆ ನೋಟ ತಾನಾಗಿ ನಡುವಿಗೆ ಬರುತ್ತದೆ. ಆದರೆ ಮೋಷನ್ ಗ್ರಾಫಿಕ್ಸ್ ತಂತ್ರಾಂಶ ಆಫ್ಟರ್ ಎಫೆಕ್ಟ್ಸ್‌ನಲ್ಲಿ ‘ಗ್ರೇಡಿಯಂಟ್ ರ‍್ಯಾಂಪ್’ ಹಾಕಿ ಎರಡು ಬಣ್ಣ ಆರಿಸಿದಷ್ಟಕ್ಕೇ ಕೆಲಸ ಮುಗಿಯದು. 8 ಬಿಟ್ ಚಿತ್ರದಲ್ಲಿ ಪ್ರತಿ ಬಣ್ಣಕ್ಕೆ 256 ಮೆಟ್ಟಿಲು ಮಾತ್ರ. ಕಪ್ಪಿನಿಂದ ಬೂದು ಬಣ್ಣಕ್ಕೆ 40 ಮೆಟ್ಟಿಲನ್ನು 1920 ಪಿಕ್ಸೆಲ್‌ಗೆ ಹರಡಿದರೆ ಒಂದೊಂದೂ 48 ಪಿಕ್ಸೆಲ್ ಅಗಲದ ಪಟ್ಟೆಯಾಗಿ ಕಣ್ಣಿಗೆ ಬೀಳುತ್ತದೆ. ಅದೇ ಎಫೆಕ್ಟಿನ ‘ರ‍್ಯಾಂಪ್ ಸ್ಕ್ಯಾಟರ್’ ಏರಿಸಿದರೆ ಪಟ್ಟೆಯ ಅಂಚು ಚದುರುತ್ತದೆ. ಸುದ್ದಿಮನೆಯ ಅವಸರದಲ್ಲಿ ಇದಕ್ಕೆಲ್ಲ ಪುರುಸೊತ್ತೆಲ್ಲಿ ಎನ್ನಬಹುದು. ಟೆಂಪ್ಲೇಟನ್ನು ಒಮ್ಮೆ ತಿದ್ದಿದರೆ ಸಾಕು, ದಿನವೂ ತಿದ್ದಬೇಕಿಲ್ಲ. ಓದಲಾಗದ ಸುದ್ದಿ ಎಷ್ಟು ಚೆಂದವಿದ್ದರೂ ಸುದ್ದಿಯಲ್ಲ.