ಮುಟ್ಟಿ ನೋಡದ ಸರಕಿಗೆ ಸವಾಲು ಕೂಗಬೇಡಿ

2024ರ ಜನವರಿಯ ಒಂದು ರಾತ್ರಿ, ಒಹಾಯೊದ ನನ್ನ ಬಾಡಿಗೆ ಕೋಣೆಯಲ್ಲಿ ಕೂತು 62 ಡಾಲರಿಗೆ ಒಂದು ರಟ್ಟಿನ ತುಂಡನ್ನು ‘ಗೆದ್ದೆ’. ಕೊಂಡೆ ಅನ್ನಬೇಕಿತ್ತು. ಆದರೆ ಹರಾಜಿನ ಜಾಲತಾಣ ಕಳಿಸಿದ ಸಂದೇಶದಲ್ಲಿ ‘ಅಭಿನಂದನೆಗಳು, ನೀವು ಗೆದ್ದಿದ್ದೀರಿ’ ಎಂದೇ ಇತ್ತು. ದುಡ್ಡು ಕಳೆದುಕೊಂಡವರನ್ನು ಗೆದ್ದವರು ಎಂದು ಕರೆಯುವ ವ್ಯಾಪಾರದ ಬಗ್ಗೆ ಅವತ್ತೇ ಅನುಮಾನ ಬರಬೇಕಿತ್ತು. ಬರಲಿಲ್ಲ.

ಆ ರಟ್ಟು 1973ರಲ್ಲಿ ಟಾಪ್ಸ್ ಕಂಪನಿ ಅಚ್ಚು ಹಾಕಿದ ಬೇಸ್‌ಬಾಲ್ ಕಾರ್ಡು. ಅದರ ಮೇಲಿರುವುದು ರೊಬೆರ್ಟೊ ಕ್ಲೆಮೆಂಟೆ. ಪೋರ್ಟೊ ರಿಕೊದಿಂದ ಬಂದು ಪಿಟ್ಸ್‌ಬರ್ಗ್ ತಂಡಕ್ಕೆ ಆಡಿದವರು. 1972ರ ಸೆಪ್ಟೆಂಬರ್ 30ರಂದು ತಮ್ಮ ಮೂರು ಸಾವಿರದ ‘ಹಿಟ್’ ಹೊಡೆದರು. ಅದೇ ವರ್ಷದ ಕೊನೆಯ ದಿನ, ಭೂಕಂಪಕ್ಕೆ ಸಿಕ್ಕಿದ್ದ ನಿಕರಾಗುವಾಕ್ಕೆ ಪರಿಹಾರ ಸಾಮಗ್ರಿ ಒಯ್ಯುತ್ತಿದ್ದ ವಿಮಾನ ಸಮುದ್ರಕ್ಕೆ ಬಿದ್ದು ತೀರಿಕೊಂಡರು. ಅವರು ಸತ್ತ ಮೇಲೆ ಬಂದ ಕಾರ್ಡು ಇದು. ನನಗೆ ಬೇಸ್‌ಬಾಲ್ ಅಷ್ಟಾಗಿ ಗೊತ್ತಿಲ್ಲ. ಆದರೆ ಅಮೆರಿಕದ ಕಾರ್ಡುಗಳು ಈ ಮನುಷ್ಯನ ಹೆಸರನ್ನು ವರ್ಷಗಟ್ಟಲೆ ‘ಬಾಬ್ ಕ್ಲೆಮೆಂಟೆ’ ಎಂದು ಅಚ್ಚು ಹಾಕಿದ್ದವು ಎಂದು ತಿಳಿದಾಗ, ನನ್ನ ಹೆಸರನ್ನು ಅರ್ಧಕ್ಕೆ ಕತ್ತರಿಸಿ ಕರೆಯುವ ವಿಭಾಗದ ಸಹಪಾಠಿಗಳು ನೆನಪಾದರು. ಪೂರ್ತಿ ಹೆಸರಿರುವ ಆ ಕೊನೆಯ ಕಾರ್ಡು ನನ್ನ ಮೇಜಿನ ಮೇಲಿರಲಿ ಅನ್ನಿಸಿತು. ಅಷ್ಟೇ ಕಾರಣ.

ಜುಲೈ ತಿಂಗಳಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ‘ನ್ಯಾಷನಲ್’ ನಡೆಯಿತು. 1980ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಶುರುವಾದ, ಈ ಹವ್ಯಾಸದ ಅತಿ ದೊಡ್ಡ ಜಾತ್ರೆ ಅದು. ಎರಡನೇ ಮಹಾಯುದ್ಧದಲ್ಲಿ ಬಾಂಬರ್ ವಿಮಾನದ ಭಾಗಗಳನ್ನು ಮಾಡಲೆಂದು ಕಟ್ಟಿದ ಕಾರ್ಖಾನೆಯ ಹೊಟ್ಟೆಯೊಳಗೆ ಸಾಲುಸಾಲು ಮೇಜುಗಳು. ಒಂದು ಕಡೆ ಗಾಜಿನ ಪೆಟ್ಟಿಗೆಯಲ್ಲಿ ಮನೆ ಕೊಳ್ಳುವಷ್ಟು ಬೆಲೆಯ ಕಾರ್ಡು, ಅದರ ಪಕ್ಕದಲ್ಲೇ ‘ಯಾವುದಾದರೂ ಒಂದು ಡಾಲರ್’ ಎಂದು ಬರೆದ ರಟ್ಟಿನ ಡಬ್ಬ. ನನ್ನ ಸಂಶೋಧನೆ ಹಳೆಯ ಮೈಸೂರು ಸೀಮೆಯ ಸಂತೆಗಳ ಮೇಲೆ. ಹಾಗಾಗಿ ಕಾಲಿಟ್ಟ ಕೂಡಲೇ ಊರಿಗೆ ಬಂದಂತಾಯಿತು. ಕ್ಲೆಮೆಂಟೆಯ ಕಾರ್ಡನ್ನು ಚೀಲದಲ್ಲಿಟ್ಟುಕೊಂಡೇ ಹೋಗಿದ್ದೆ, ಸ್ವಲ್ಪ ಜಂಬಕ್ಕೆ.

ಎಪ್ಪತ್ತು ದಾಟಿದ ಒಬ್ಬ ವ್ಯಾಪಾರಿ ಅದನ್ನು ಕೈಗೆ ತೆಗೆದುಕೊಂಡರು. ಏನೂ ಹೇಳಲಿಲ್ಲ. ಡಾಲರ್ ಡಬ್ಬದಿಂದ 1973ರದೇ ಹತ್ತು ಸಾಮಾನ್ಯ ಕಾರ್ಡು ಎತ್ತಿ, ನನ್ನದನ್ನು ನಡುವೆ ಸೇರಿಸಿ, ಕಟ್ಟನ್ನು ಮೇಜಿಗೆ ಮೆಲ್ಲನೆ ಕುಟ್ಟಿ ಸಮ ಮಾಡಿ, ಮೇಲಿನ ಅಂಚನ್ನು ನನ್ನ ಕಡೆ ತಿರುಗಿಸಿದರು. ಹತ್ತು ಕಾರ್ಡು ಒಂದೇ ಎತ್ತರಕ್ಕಿದ್ದವು. ನಡುವೆ ಒಂದು ಸಣ್ಣ ಹಳ್ಳ. ನನ್ನ ಕಾರ್ಡು ಕೂದಲೆಳೆಯಷ್ಟು ಗಿಡ್ಡ. ಸವೆದ ಅಂಚನ್ನು ಯಾರೋ ಬ್ಲೇಡಿನಿಂದ ಕತ್ತರಿಸಿ ಹೊಸದರಂತೆ ಮಾಡಿದ್ದರು. ಕಂಪನಿಯ ಯಂತ್ರ ಕತ್ತರಿಸಿದ ಅಂಚು ಹೇಗಿರುತ್ತದೆ, ಬ್ಲೇಡಿನದು ಹೇಗಿರುತ್ತದೆ ಎಂದು ಭೂತಗನ್ನಡಿ ಕೊಟ್ಟು ತೋರಿಸಿದರು. ಒಟ್ಟು ಹತ್ತು ನಿಮಿಷದ ಪಾಠ. ನಾನು ಅವರ ಬಳಿ ಇನ್ನೂ ಏನನ್ನೂ ಕೊಂಡಿರಲಿಲ್ಲ.

ಜಾಲತಾಣಕ್ಕೆ ಬರೆದೆ. ವಾಪಸು ಮಾಡುವ ಗಡುವು ಮುಗಿದಿದೆ ಎಂದು ಉತ್ತರ ಬಂತು.

ಇದನ್ನು ಹೇಳಿದಾಗ ಅರ್ಥಶಾಸ್ತ್ರದಲ್ಲಿ ಪಿಎಚ್‌.ಡಿ. ಮಾಡುತ್ತಿರುವ ಧಾರವಾಡದ ಗೆಳೆಯ ನಕ್ಕ. “ಒಂದು ಕಾರ್ಡಿಗೆ ಮೋಸ ಆತಂತ ಹರಾಜ ತಪ್ಪೇನವಾ? ಹರಾಜಿನಾಗ ರೇಟ್ ಎಲ್ಲಾರಿಗೂ ಒಂದ. ನಿನ್ನ ಮಾರಿ ಯಾರೂ ನೋಡಂಗಿಲ್ಲ. ಸಂತ್ಯಾಗ ಮಾರಿ ನೋಡಿ ರೇಟ್ ಹೇಳ್ತಾರ. ಯಾವುದು ನ್ಯಾಯ, ನೀನ ಹೇಳು.”

ಅವನ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ಅದೇ ಜಾತ್ರೆಯಲ್ಲಿ ಇನ್ನೊಬ್ಬ ವ್ಯಾಪಾರಿ ನನ್ನನ್ನು ನೋಡಿ ಕೇಳಿದ ಮೊದಲ ಪ್ರಶ್ನೆ, “ಗಂಡನಿಗೆ ಉಡುಗೊರೆಯಾ?” ಅಲ್ಲಿ ಓಡಾಡುತ್ತಿದ್ದವರಲ್ಲಿ ಹೆಚ್ಚಿನವರು ಬಿಳಿಯ ಗಂಡಸರು. ನನಗೆ ಹೇಳಿದ ಬೆಲೆಯನ್ನೇ ಅವರಿಗೂ ಹೇಳುತ್ತಿದ್ದರು ಎಂದು ನಂಬುವಷ್ಟು ಮುಗ್ಧೆ ನಾನಲ್ಲ. ನಮ್ಮ ಸಂತೆಗಳೂ ಸಾಚಾ ಅಲ್ಲ. ದನದ ಜಾತ್ರೆಯಲ್ಲಿ ದಲ್ಲಾಳಿಗಳು ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸುತ್ತಾರೆ. ಎತ್ತು ಮಾರುವ ರೈತ ಪಕ್ಕದಲ್ಲೇ ನಿಂತಿದ್ದರೂ ಅವನಿಗೆ ಕಾಣುವುದು ಟವೆಲ್ಲು ಮಾತ್ರ. ಎದುರಾಬದುರಾ ವ್ಯಾಪಾರವೆಂದರೆ ಪಾರದರ್ಶಕ ಎಂದು ಹಾಡಿ ಹೊಗಳುವವರು ಆ ಟವೆಲ್ಲನ್ನು ಮರೆತಿರುತ್ತಾರೆ.

ಆದರೆ ಅದೇ ದನದ ಜಾತ್ರೆಯಲ್ಲಿ ಎತ್ತಿನ ಹಲ್ಲು ಹಿಡಿದು ನೋಡುವುದನ್ನು, ಸುಳಿ ನೋಡುವುದನ್ನು, ನಾಲ್ಕು ಹೆಜ್ಜೆ ನಡೆಸಿ ನೋಡುವುದನ್ನು ಯಾವ ದಲ್ಲಾಳಿಯೂ ತಡೆಯುವುದಿಲ್ಲ. ಬೆಲೆ ಟವೆಲ್ಲಿನ ಕೆಳಗಿರಬಹುದು, ಎತ್ತು ಬಯಲಲ್ಲಿರುತ್ತದೆ. ಆನ್‌ಲೈನ್ ಹರಾಜು ಇದನ್ನು ತಲೆಕೆಳಗು ಮಾಡಿದೆ. ಅಲ್ಲಿ ಬೆಲೆ ಬಯಲಲ್ಲಿದೆ, ಎತ್ತು ಟವೆಲ್ಲಿನ ಕೆಳಗಿದೆ. ಇದನ್ನೇ ಪಾರದರ್ಶಕತೆ ಎಂದು ನಮಗೆ ಮಾರಲಾಗುತ್ತಿದೆ. ನನ್ನ ತಕರಾರು ಇಷ್ಟೇ.

ಹರಾಜೇ ನಿಜವಾದ ಬೆಲೆ ಹೇಳುತ್ತದೆ ಎನ್ನುವವರು ಅರ್ಥಶಾಸ್ತ್ರವನ್ನೇ ಪೂರ್ತಿ ಓದಿಲ್ಲ. 1971ರಲ್ಲಿ ತೈಲ ಕಂಪನಿಯೊಂದರ ಮೂವರು ಎಂಜಿನಿಯರುಗಳು ಮೆಕ್ಸಿಕೊ ಕೊಲ್ಲಿಯ ತೈಲ ಗುತ್ತಿಗೆಗಳ ಹರಾಜಿನ ಬಗ್ಗೆ ಒಂದು ಪ್ರಬಂಧ ಬರೆದರು. ನೆಲದಡಿ ಎಷ್ಟು ಎಣ್ಣೆ ಇದೆ ಎಂದು ಯಾರಿಗೂ ಖಚಿತವಿಲ್ಲದಾಗ, ಎಲ್ಲರಿಗಿಂತ ಹೆಚ್ಚು ಅಂದಾಜು ಮಾಡಿದವನೇ, ಅಂದರೆ ಎಲ್ಲರಿಗಿಂತ ಹೆಚ್ಚು ತಪ್ಪಿದವನೇ, ಹರಾಜು ಗೆಲ್ಲುವ ಸಂಭವ ಹೆಚ್ಚು. ಇದಕ್ಕೆ ಮುಂದೆ ‘ಗೆದ್ದವನ ಶಾಪ’ ಎಂಬ ಹೆಸರೇ ನಿಂತಿತು. ಸರಕನ್ನು ಪರೀಕ್ಷಿಸಲು ಆಗದಷ್ಟೂ ಶಾಪ ದೊಡ್ಡದು. ಫೋಟೋ ನೋಡಿ ಕಾರ್ಡಿಗೆ ಸವಾಲು ಕೂಗುವವರೆಲ್ಲ ಕಾಣದ ಎಣ್ಣೆಗೆ ಕೂಗುವವರೇ. ಅಂಚು ಕತ್ತರಿಸಿದ್ದು ಫೋಟೋದಲ್ಲಿ ಕಾಣುವುದಿಲ್ಲ. ಪರದೆಯ ಮೇಲೆ ಎಲ್ಲ ಕಾರ್ಡುಗಳೂ ಒಂದೇ ಎತ್ತರ.

“ಅದಕ್ಕೇ ಪರೀಕ್ಷಕರು ಅದಾರಲ್ಲ” ಅನ್ನುತ್ತಾನೆ ಗೆಳೆಯ. ಹೌದು, ಇದ್ದಾರೆ. ಕಾರ್ಡನ್ನು ನೋಡಿ, ಒಂದರಿಂದ ಹತ್ತರವರೆಗೆ ಅಂಕ ಕೊಟ್ಟು, ತೆರೆಯಲಾಗದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚುವ ಕಂಪನಿಗಳು. ಆನ್‌ಲೈನ್ ಹರಾಜು ನಿಂತಿರುವುದೇ ಈ ಪೆಟ್ಟಿಗೆಯ ಮೇಲೆ. 1952ರ ಮಿಕಿ ಮ್ಯಾಂಟಲ್ ಕಾರ್ಡೊಂದು 2022ರಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹರಾಜಾದದ್ದು ಪೆಟ್ಟಿಗೆಯ ಮೇಲಿನ 9.5 ಎಂಬ ಅಂಕದ ಬಲದಿಂದ.

ಹಾಗಾದರೆ ಪೆಟ್ಟಿಗೆಯ ಚರಿತ್ರೆಯನ್ನೂ ನೋಡೋಣ. 1909ರಿಂದ 1911ರವರೆಗೆ ಸಿಗರೇಟು ಪ್ಯಾಕುಗಳಲ್ಲಿ ಬಂದ ಕಾರ್ಡುಗಳ ಪೈಕಿ ಹೋನಸ್ ವ್ಯಾಗ್ನರ್‌ನ ಕಾರ್ಡು ಅತಿ ಅಪರೂಪ. ಅದರ ಒಂದು ಪ್ರತಿಯನ್ನು ಐಸ್ ಹಾಕಿ ಆಟಗಾರ ವೇಯ್ನ್ ಗ್ರೆಟ್‌ಸ್ಕಿ ತನ್ನ ಪಾಲುದಾರನೊಂದಿಗೆ 1991ರಲ್ಲಿ 4 ಲಕ್ಷ 51 ಸಾವಿರ ಡಾಲರಿಗೆ ಹರಾಜಿನಲ್ಲಿ ಕೊಂಡ. ಅದೇ ವರ್ಷ ಹುಟ್ಟಿದ ಪಿಎಸ್ಎ ಎಂಬ ಪರೀಕ್ಷಕ ಸಂಸ್ಥೆ ಅಂಕ ಕೊಟ್ಟ ಮೊಟ್ಟಮೊದಲ ಕಾರ್ಡು ಅದು. ಕೊಟ್ಟ ಅಂಕ ಎಂಟು. 2000ದಲ್ಲಿ ಆನ್‌ಲೈನ್ ಹರಾಜಿನಲ್ಲಿ ಅದರ ಬೆಲೆ ಹನ್ನೆರಡೂವರೆ ಲಕ್ಷ ಡಾಲರ್ ದಾಟಿತು. 2007ರಲ್ಲಿ 28 ಲಕ್ಷ. ಆಮೇಲೆ 2013ರಲ್ಲಿ ಬಿಲ್ ಮ್ಯಾಸ್ಟ್ರೋ ಎಂಬ ಹೆಸರಾಂತ ಹರಾಜುಗಾರ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡ. ಆ ಕಾರ್ಡಿನ ಅಂಚನ್ನು ಕತ್ತರಿಸಿದ್ದು ತಾನೇ ಎಂದ. ತನ್ನ ಹರಾಜುಗಳಲ್ಲಿ ಸುಳ್ಳು ಸವಾಲು ಕೂಗಿಸಿ ಬೆಲೆ ಏರಿಸಿದ್ದೂ ನಿಜ ಎಂದ. 2015ರಲ್ಲಿ ಅವನಿಗೆ 20 ತಿಂಗಳ ಜೈಲು ಶಿಕ್ಷೆಯಾಯಿತು.

ಮ್ಯಾಸ್ಟ್ರೋ ಜಾತ್ರೆಗಳಲ್ಲೂ ಓಡಾಡಿದವನೇ, ಅದು ನನಗೆ ಗೊತ್ತು. ಕಳ್ಳರು ಎಲ್ಲ ಕಡೆ ಇರುತ್ತಾರೆ. ನನ್ನ ಪ್ರಶ್ನೆ ಬೇರೆ. ಕಾರ್ಡು ಪೆಟ್ಟಿಗೆಯೊಳಗೆ ಹೋದ ಮೇಲೆ ಅದನ್ನು ಹತ್ತು ಕಾರ್ಡಿನ ನಡುವೆ ಇಟ್ಟು ಕುಟ್ಟಿ ನೋಡುವ ಅವಕಾಶ ಯಾರಿಗಿದೆ? ಎಂಟು ಎಂದು ಬರೆದ ಮೇಲೆ ಬೆಲೆ ಏರಿದ್ದು ಕಾರ್ಡಿಗಲ್ಲ, ಎಂಟಕ್ಕೆ. ಸುಳ್ಳು ಸವಾಲು ಕೂಗಿದವನ ಮುಖ ನೋಡಲು ಅಲ್ಲಿ ದಾರಿಯಿಲ್ಲ. ನನ್ನ 62 ಡಾಲರಿನ ರಾತ್ರಿ ಕೊನೆಯ ಹತ್ತು ಸೆಕೆಂಡಿನಲ್ಲಿ ನನ್ನೊಂದಿಗೆ ಪೈಪೋಟಿ ಮಾಡಿದವರು ಎರಡು ಅಕ್ಷರ ಮತ್ತು ಮೂರು ನಕ್ಷತ್ರ ಚಿಹ್ನೆಗಳು. ಅದು ಇನ್ನೊಬ್ಬ ಕ್ಲೆಮೆಂಟೆ ಅಭಿಮಾನಿಯೋ, ಮಾರುವವನ ಭಾವಮೈದುನನೋ? ನನ್ನ ಮುಖ ಯಾರಿಗೂ ಕಾಣುವುದಿಲ್ಲ ಎಂಬ ಗೆಳೆಯನ ನ್ಯಾಯಕ್ಕೆ ನಾನು ತೆತ್ತ ಬೆಲೆ ಇದು: ನನಗೂ ಯಾರ ಮುಖವೂ ಕಾಣುವುದಿಲ್ಲ.

ಮಾನವಶಾಸ್ತ್ರಜ್ಞ ಕ್ಲಿಫರ್ಡ್ ಗೀರ್ಟ್ಜ್ ಮೊರಾಕ್ಕೊದ ಸೆಫ್ರೂ ಎಂಬ ಊರಿನ ಬಜಾರಿನ ಬಗ್ಗೆ 1978ರಲ್ಲಿ ಒಂದು ಲೇಖನ ಬರೆದರು. ಬಜಾರಿನಲ್ಲಿ ಸರಕಿಗಿಂತ ಮಾಹಿತಿಗೇ ಬರ, ಹಾಗಾಗಿ ಅಲ್ಲಿಯ ಮುಖ್ಯ ಕಸುಬು ಹುಡುಕಾಟ ಎಂಬುದು ಅವರ ಮಾತಿನ ಸಾರ. ಚೌಕಾಸಿ, ವರ್ತನೆಯ ಅಂಗಡಿ ಎಲ್ಲವೂ ಆ ಹುಡುಕಾಟದ ಉಪಕರಣಗಳು. ಇದನ್ನು ನನ್ನ ಪ್ರಬಂಧದಲ್ಲಿ ಹತ್ತು ಸಲ ಉಲ್ಲೇಖಿಸಿದ್ದೇನೆ, ಅರ್ಥವಾದದ್ದು ಮಾತ್ರ ಕ್ಲೀವ್‌ಲ್ಯಾಂಡಿನಲ್ಲಿ. “ಗಂಡನಿಗಾ?” ಎಂದವನ ಮೇಜಿನಿಂದ ಎದ್ದು ಮುಂದಿನ ಮೂರು ಮೇಜು ಸುತ್ತಿದರೆ ಅವನು ಹೇಳಿದ ಬೆಲೆ ಎಷ್ಟು ಉಬ್ಬಿದೆ ಎಂದು ತಿಳಿಯುತ್ತದೆ. ಎದ್ದು ಹೋಗುವ ಸ್ವಾತಂತ್ರ್ಯ ನನ್ನದು. ಹರಾಜಿನಲ್ಲಿ ಕೈಬಿಟ್ಟರೆ ಸೋತೆ ಎಂದು ಸಂದೇಶ ಬರುತ್ತದೆ.

ಆನ್‌ಲೈನ್ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಹುಬ್ಬಳ್ಳಿಯಲ್ಲೋ ಹಾಸನದಲ್ಲೋ ಕೂತ ಹುಡುಗನಿಗೆ ಕ್ಲೀವ್‌ಲ್ಯಾಂಡ್ ದೂರ. ಸಾಮಾನ್ಯ ಕಾರ್ಡುಗಳು ಇಂಟರ್ನೆಟ್ಟಿನಿಂದ ಅಗ್ಗವಾಗಿ ಸಿಗುತ್ತಿರುವುದೂ ನಿಜ. ನಿಗದಿತ ಬೆಲೆಗೆ, ವಾಪಸಿನ ಷರತ್ತು ಓದಿ, ಕಡಿಮೆ ದುಡ್ಡಿನದನ್ನು ಕೊಳ್ಳಿ. ಆದರೆ ಕಣ್ಣು ಪಳಗುವ ಮುಂಚೆ ಹರಾಜಿಗೆ ಇಳಿಯಬೇಡಿ. ಕಣ್ಣು ಪಳಗುವುದು ಕೈಯಿಂದ, ಇನ್ನೊಬ್ಬರ ಪಕ್ಕ ನಿಂತು. ಆ ಮುದುಕರು ತೀರಿಕೊಂಡ ದಿನ ಅವರ ಹತ್ತು ನಿಮಿಷದ ಪಾಠ ಯಾವ ಜಾಲತಾಣದ ಸರ್ವರಿನಲ್ಲೂ ಉಳಿದಿರುವುದಿಲ್ಲ. ಎಲ್ಲರೂ ಅಂಕ ಓದಿ ಕೊಳ್ಳುವ ಕಾಲಕ್ಕೆ ಕಾರ್ಡು ಓದಬಲ್ಲವರೇ ಇಲ್ಲವಾದರೆ, ಅಂಕ ತಪ್ಪಿದಾಗ ಹೇಳುವವರು ಯಾರು?

ಅವತ್ತು ಸಂಜೆ ಅವರ ಬಳಿಯೇ ಇನ್ನೊಂದು ಕ್ಲೆಮೆಂಟೆ ಕೊಂಡೆ. ಮೂಲೆಗಳು ಮೊಂಡಾಗಿವೆ, ಬೆನ್ನಿಗೆ ಒಂದು ಮಡಿಕೆ ಬಿದ್ದಿದೆ. 25 ಎಂದರು, 15ಕ್ಕೆ ಕೇಳಿದೆ, 18ಕ್ಕೆ ಒಪ್ಪಿದರು. ಹಳೆಯದನ್ನು ಏನು ಮಾಡಲಿ ಎಂದು ಗೆಳೆಯನನ್ನು ಕೇಳಿದೆ. “ಆನ್‌ಲೈನ್‌ನಾಗ ಹಾಕಿಬಿಡವಾ, ಯಾರರ ತೊಗೋತಾರ” ಎಂದ. ತಗೊಳ್ಳುತ್ತಾರೆ, ಅದರಲ್ಲಿ ಸಂಶಯವಿಲ್ಲ. ಫೋಟೋ ಚೆನ್ನಾಗಿಯೇ ಬರುತ್ತದೆ.

ಹಾಕಲಿಲ್ಲ. ಈಗ ಯಾವ ಜಾತ್ರೆಗೆ ಹೋದರೂ ಅದನ್ನೂ ಅದೇ ವರ್ಷದ ಹತ್ತು ಕಾರ್ಡುಗಳನ್ನೂ ಚೀಲದಲ್ಲಿ ಒಯ್ಯುತ್ತೇನೆ. ಹೊಸಬರು ಸಿಕ್ಕರೆ ಕಟ್ಟನ್ನು ಮೇಜಿಗೆ ಕುಟ್ಟಿ, ಅಂಚನ್ನು ಅವರ ಕಡೆ ತಿರುಗಿಸುತ್ತೇನೆ.