ಮಸುಕಾದ ಚಿತ್ರ, ಮರೆಯಾದ ಹೆಸರು

ಪ್ಯಾರಿಸ್ ಒಲಿಂಪಿಕ್ಸ್‌ನ ಸರ್ಫಿಂಗ್ ಸ್ಪರ್ಧೆ ನಡೆದದ್ದು ಪ್ಯಾರಿಸ್‌ನಲ್ಲಲ್ಲ, ದೂರದ ತಾಹಿಟಿ ದ್ವೀಪದ ಕಡಲಿನಲ್ಲಿ. 2024ರ ಜುಲೈ 29ರಂದು ಬ್ರೆಜಿಲ್‌ನ ಗೇಬ್ರಿಯಲ್ ಮೆಡಿನಾ ದೈತ್ಯ ಅಲೆಯೊಂದನ್ನು ಗೆದ್ದು ಗಾಳಿಗೆ ಚಿಮ್ಮಿ, ಬೆರಳನ್ನು ಆಕಾಶಕ್ಕೆತ್ತಿ ನಿಂತಂತೆ ಕಂಡ ಕ್ಷಣವನ್ನು ಎಎಫ್‌ಪಿ ಸುದ್ದಿಸಂಸ್ಥೆಯ ಜೆರೋಮ್ ಬ್ರೂಯೆ ದೋಣಿಯಿಂದ ಸೆರೆಹಿಡಿದರು. ಪಕ್ಕದಲ್ಲಿ ಸರ್ಫ್ ಹಲಗೆಯೂ ಅಷ್ಟೇ ನೇರವಾಗಿ ನಿಂತಿತ್ತು. ಆ ಚಿತ್ರ ಬಹುಬೇಗ ಜಗತ್ತನ್ನು ಸುತ್ತಿತು. ನನ್ನ ಮೊಬೈಲಿಗೂ ಮೂರು ಗುಂಪುಗಳಿಂದ ಬಂತು. ಮೂರರಲ್ಲೂ ನೀರಹನಿಗಳು ಕಲಸಿಹೋಗಿದ್ದವು. ಬ್ರೂಯೆ ಅವರ ಹೆಸರು ಒಂದರಲ್ಲೂ ಇರಲಿಲ್ಲ.

ಸರ್ಫಿಂಗ್ ಛಾಯಾಗ್ರಹಣ ಸುಲಭದ ಕಸುಬಲ್ಲ. ಚಿಮ್ಮುವ ಹನಿಯನ್ನು ನಿಲ್ಲಿಸಿ ತೋರಿಸಲು ಸೆಕೆಂಡಿನ ಸಾವಿರದ ಒಂದು ಭಾಗ ಅಥವಾ ಅದಕ್ಕಿಂತ ಕಡಿಮೆ ಅವಧಿಯ ಶಟರ್ ಬೇಕು. ದಡದಿಂದ ತೆಗೆಯುವವರಿಗೆ ದೂರವನ್ನು ಹತ್ತಿರ ತರುವ ದುಬಾರಿ ಲೆನ್ಸ್ ಬೇಕು. ಅಲೆ ಎಲ್ಲಿ ಮುರಿಯುತ್ತದೆಂಬ ಅಂದಾಜಂತೂ ಹಣಕ್ಕೆ ಸಿಗುವಂಥದ್ದಲ್ಲ.

ಇಷ್ಟೆಲ್ಲ ಶ್ರಮ ಜಾಲತಾಣದ ಹೊಸ್ತಿಲಲ್ಲಿ ಸೋರಿಹೋಗುತ್ತದೆ. 1992ರಲ್ಲಿ ಪ್ರಕಟವಾದ ಜೆಪೆಗ್ ಮಾನಕವು ಚಿತ್ರವನ್ನು 8×8 ಬಿಂದುಗಳ ಚೌಕಗಳಾಗಿ ವಿಂಗಡಿಸಿ, ಕಣ್ಣಿಗೆ ಅಷ್ಟಾಗಿ ತೋರದ ಸೂಕ್ಷ್ಮ ವಿವರಗಳನ್ನು ಕೈಬಿಟ್ಟು ಕಡತವನ್ನು ಕುಗ್ಗಿಸುತ್ತದೆ. ಬರಿಯ ನೀಲಿ ಆಕಾಶಕ್ಕೆ ಇದರಿಂದ ಹೆಚ್ಚು ನಷ್ಟವಿಲ್ಲ. ಆದರೆ ನೊರೆ ಮತ್ತು ತುಂತುರು ಎಂದರೆ ಸೂಕ್ಷ್ಮ ವಿವರಗಳೇ. ಕೈಯಿಂದ ಕೈಗೆ ದಾಟಿ ಮತ್ತೆ ಮತ್ತೆ ಕುಗ್ಗಿದಾಗ ಕಡಲು ಕೆಸರಿನಂತೆ ಕಾಣುತ್ತದೆ. ಕಡತದೊಳಗೆ ಬರೆದಿಟ್ಟ ಛಾಯಾಗ್ರಾಹಕನ ಹೆಸರೂ ಎಷ್ಟೋ ವೇಳೆ ಈ ಹಾದಿಯಲ್ಲೇ ಅಳಿಸಿಹೋಗುತ್ತದೆ. ಕೆಟ್ಟ ನಾಣ್ಯ ಒಳ್ಳೆಯ ನಾಣ್ಯವನ್ನು ಚಲಾವಣೆಯಿಂದ ಹೊರದೂಡುತ್ತದೆಂಬ ಗ್ರೆಷಮ್ ನಿಯಮವನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಓದಿದ್ದೆ. ಚಿತ್ರಗಳ ಲೋಕದಲ್ಲೂ ಈಗ ಅದೇ ನಡೆದಿದೆ.

ಹಾಗೆಂದು ಜಾಲತಾಣದ ಕಂಪನಿಗಳನ್ನಷ್ಟೇ ದೂರುವುದು ನ್ಯಾಯವಲ್ಲ. ಶಾಂಭವಿ ಮತ್ತು ನಂದಿನಿ ನದಿಗಳು ಕಡಲು ಸೇರುವ ಸಸಿಹಿತ್ಲುವಿನಲ್ಲಿ 2016ರಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆಯಿತು. ಅದಾದ ಕೆಲಕಾಲಕ್ಕೆ ನಾನಿದ್ದ ಕಚೇರಿ ಕರಾವಳಿ ಕುರಿತ ಕಿರುಹೊತ್ತಗೆಗೆ ವಾಟ್ಸ್‌ಆ್ಯಪ್‌ನಲ್ಲಿ ಹರಿದುಬಂದ ಸರ್ಫಿಂಗ್ ಚಿತ್ರವೊಂದನ್ನು ಬಳಸಿತು. ಕಡತಕ್ಕೆ ಸಹಿ ಹಾಕಿದವನು ನಾನೇ. ಕಾಗದಕ್ಕೆ, ಮುದ್ರಣಕ್ಕೆ ಹಣ ಮಂಜೂರಾಗಿತ್ತು. ಚಿತ್ರಕ್ಕೆ ಲೆಕ್ಕಶೀರ್ಷಿಕೆಯೇ ಇರಲಿಲ್ಲ. ಅದನ್ನು ತೆಗೆದ ಯುವಕ ಬಳಿಕ ಪತ್ರ ಬರೆದ. ಹಣ ಕೇಳಿರಲಿಲ್ಲ, ‘ಒಂದು ಮಾತು ಕೇಳಿದ್ದರೆ ಒಳ್ಳೆಯ ಪ್ರತಿಯನ್ನೇ ಕೊಡುತ್ತಿದ್ದೆ’ ಎಂದಿದ್ದ. ಆ ಪತ್ರಕ್ಕೆ ಉತ್ತರ ಹೋಗಲಿಲ್ಲ.

ಕಾನೂನಿನ ಕೊರತೆಯಿಂದ ಹೀಗಾಯಿತೆನ್ನುವಂತಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಛಾಯಾಚಿತ್ರ ತೆಗೆದವನೇ ಅದರ ಕರ್ತೃ. ಕೃತಿ ತನ್ನದೆಂದು ಹೇಳಿಕೊಳ್ಳುವ ಹಕ್ಕನ್ನು ಅದರ 57ನೇ ಕಲಮು ಅವನಿಗೆ ಕೊಟ್ಟಿದೆ. ಹಕ್ಕಿನ ವಿವರಗಳನ್ನು ತಿಳಿದೂ ಅನಧಿಕೃತವಾಗಿ ಅಳಿಸುವುದು 2012ರ ತಿದ್ದುಪಡಿಯ ಬಳಿಕ ಅಪರಾಧ. ಕೊರತೆಯಿರುವುದು ನಮ್ಮ ರೂಢಿಯಲ್ಲಿ.

ಪರಿಹಾರ ಕಷ್ಟದ್ದೇನಲ್ಲ. ಛಾಯಾಗ್ರಾಹಕರು ಜಾಲತಾಣಕ್ಕೆ ಹೊಂದುವ ಅಳತೆಗೆ ಚಿತ್ರವನ್ನು ತಾವೇ ಇಳಿಸಿ, ಆ ಬಳಿಕ ಸ್ಪಷ್ಟತೆಯನ್ನು ತಿದ್ದಿ, ಅಂಚಿನಲ್ಲಿ ಹೆಸರು ಬರೆದು ಹಾಕಿದರೆ ಹಾನಿ ಕಡಿಮೆಯಾದೀತು. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದು ಕಳುಹಿಸುವ ಬದಲು ಡಾಕ್ಯುಮೆಂಟ್ ಎಂದು ಕಳುಹಿಸಿದರೆ ಮೂಲ ಕಡತ ಹಾಗೆಯೇ ತಲುಪುತ್ತದೆ. ಸರ್ಕಾರಿ ಕಚೇರಿಗಳು ಮೂಲ ಪ್ರತಿಯನ್ನೇ ಕೇಳಿ ಪಡೆದು, ಹೆಸರು ಮುದ್ರಿಸಿ, ಸಂಭಾವನೆ ಕೊಡುವುದನ್ನು ನಿಯಮವಾಗಿಸಬೇಕು. ಬ್ರೂಯೆ ಅವರ ಬೆನ್ನಿಗೆ ದೊಡ್ಡ ಸಂಸ್ಥೆಯಿತ್ತು. ಎಷ್ಟು ಪ್ರತಿಗಳಲ್ಲಿ ಅಳಿಸಿದರೂ ಅವರ ಹೆಸರು ಉಳಿಯಿತು. ಸಸಿಹಿತ್ಲುವಿನ ದಡದಲ್ಲಿ ಕ್ಯಾಮೆರಾ ಹಿಡಿದು ನಿಂತವನಿಗೆ ಅಂಥ ಬೆಂಬಲವಿಲ್ಲ. ಅವನ ಹೆಸರನ್ನು ಉಳಿಸುವುದು ಚಿತ್ರವನ್ನು ಬಳಸುವ ನಮ್ಮ ಹೊಣೆ.