ನಿವೃತ್ತನಾದ ಆಟಗಾರನೂ ಧಿಕ್ಕಾರ ಕೂಗಿದ ಅಭಿಮಾನಿಗಳೂ

2019ರ ಆಗಸ್ಟ್ 24ರ ರಾತ್ರಿ ಅಮೆರಿಕದ ಇಂಡಿಯಾನಾಪೊಲಿಸ್ ನಗರದ ಕ್ರೀಡಾಂಗಣದಲ್ಲಿ ನಡೆದ ಒಂದು ಘಟನೆ ನಮ್ಮ ಮನಸ್ಸಿನಿಂದ ಇನ್ನೂ ಮಾಸಿಲ್ಲ. ಋತುವಿನ ಆರಂಭಕ್ಕೆ ಮುಂಚಿನ ಅಭ್ಯಾಸ ಪಂದ್ಯವದು. ಊರಿನ ತಂಡವಾದ ಕೋಲ್ಟ್ಸ್‌ನ ಮುಖ್ಯ ಆಟಗಾರ ಆಂಡ್ರ್ಯೂ ಲಕ್ ಅಂದು ಆಡದೆ ಮೈದಾನದ ಅಂಚಿನಲ್ಲಿ ನಿಂತಿದ್ದ. ಆತ ಆಟದಿಂದ ನಿವೃತ್ತನಾಗುತ್ತಾನೆಂಬ ಸುದ್ದಿ ಪಂದ್ಯ ಮುಗಿಯುವ ಮೊದಲೇ ಸೋರಿ ಪ್ರೇಕ್ಷಕರ ಮೊಬೈಲುಗಳನ್ನು ತಲುಪಿತು. ಪಂದ್ಯ ಮುಗಿದು ಆತ ಒಳಗೆ ನಡೆಯುತ್ತಿದ್ದಾಗ, ಏಳು ವರ್ಷ ಜಯಕಾರ ಹಾಕಿದ್ದ ಗ್ಯಾಲರಿಯಿಂದಲೇ ಧಿಕ್ಕಾರದ ಕೂಗು ಎದ್ದಿತು. ಆಗ ಆತನಿಗೆ 29 ವರ್ಷ. 30 ತುಂಬಲು ಮೂರು ವಾರವೂ ಉಳಿದಿರಲಿಲ್ಲ.

ಎಲ್ಲಿಯ ಇಂಡಿಯಾನಾಪೊಲಿಸ್, ಎಲ್ಲಿಯ ಕಾಸರಗೋಡು ಎಂದು ಓದುಗರು ಕೇಳಬಹುದು. ಅಲ್ಲಿಯವರು ಫುಟ್ಬಾಲ್ ಎಂದು ಕರೆಯುವ ಆಟವೂ ನಮ್ಮ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ಎಸೆದು, ಎದುರಾಳಿಗಳ ಅಡ್ಡಗಟ್ಟನ್ನು ಭೇದಿಸಿ ಮುನ್ನುಗ್ಗುವ ಆಟವದು. ಚೆಂಡನ್ನು ಎಸೆಯುವ ಮುಖ್ಯ ಆಟಗಾರನಿಗೆ ಕ್ವಾರ್ಟರ್‌ಬ್ಯಾಕ್ ಎಂದು ಹೆಸರು. ಚೆಂಡು ಅವನ ಕೈಯಲ್ಲಿರುವಷ್ಟು ಹೊತ್ತೂ ದೈತ್ಯಕಾಯದ ಆಳುಗಳು ಅವನನ್ನು ಕೆಡವಲು ನುಗ್ಗಿಬರುತ್ತಾರೆ. ಲಕ್ ಆಡುತ್ತಿದ್ದುದು ಈ ಸ್ಥಾನದಲ್ಲಿ. ಆಟ ಬೇರೆಯಾದರೂ ಅಭಿಮಾನಿಯ ಮನಸ್ಸು ಎಲ್ಲೆಡೆಯೂ ಒಂದೇ. 2022ರ ವಿಶ್ವಕಪ್ಪಿನ ವೇಳೆ ಕೋಝಿಕ್ಕೋಡಿನ ಪುಳ್ಳಾವೂರಿನ ಹೊಳೆಯಲ್ಲಿ ಮೆಸ್ಸಿ, ನೇಮಾರ್, ರೊನಾಲ್ಡೊರ ಭಾರೀ ಕಟೌಟುಗಳು ಎದ್ದುನಿಂತದ್ದನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಮೆರಿಕದಲ್ಲಿ ಈ ಆಟದ ತಾರೆಗಳು ಹುಟ್ಟುವುದು ಕಾಲೇಜಿನಲ್ಲಿ. ಅಲ್ಲಿಯ ಕಾಲೇಜು ಪಂದ್ಯಗಳಿಗೆ ಹತ್ತಾರು ಸಾವಿರ ಜನ ಸೇರುತ್ತಾರೆ. ಲಕ್ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡಕ್ಕಾಗಿ 2009ರಿಂದ 2011ರವರೆಗೆ ಆಡಿದ. ಕಾಲೇಜು ಆಟಗಾರರಿಗೆ ಸಿಗುವ ಪರಮೋಚ್ಚ ಗೌರವವಾದ ಹೈಸ್ಮನ್ ಪ್ರಶಸ್ತಿಯ ಮತದಾನದಲ್ಲಿ 2010ರಲ್ಲೂ 2011ರಲ್ಲೂ ಎರಡನೆಯವನಾದ. 2011ರ ಆರಂಭದಲ್ಲೇ ವೃತ್ತಿಪರ ತಂಡಗಳು ಆತನಿಗಾಗಿ ಕಾದು ಕುಳಿತಿದ್ದವು. ಆದರೆ ಆತ ಕೈಗೆ ಬಂದ ಕೋಟಿಗಳನ್ನು ಒಂದು ವರ್ಷ ಮುಂದಕ್ಕೆ ಹಾಕಿ, ವಾಸ್ತುವಿನ್ಯಾಸದ ಪದವಿ ಮುಗಿಸಲು ಕಾಲೇಜಿನಲ್ಲೇ ಉಳಿದ. ಅಂದು ಆತನ ವಿವೇಕವನ್ನು ಹೊಗಳದವರು ಕಡಿಮೆ.

2012ರಲ್ಲಿ ವೃತ್ತಿಪರ ತಂಡಗಳ ಆಯ್ಕೆಯಲ್ಲಿ ಆತನದೇ ಮೊದಲ ಹೆಸರು. ಹಿಂದಿನ ಋತುವಿನ 16 ಪಂದ್ಯಗಳಲ್ಲಿ ಎರಡನ್ನು ಮಾತ್ರ ಗೆದ್ದಿದ್ದ ಕೋಲ್ಟ್ಸ್ ತಂಡ ಆತ ಬಂದ ವರ್ಷವೇ 11 ಪಂದ್ಯ ಗೆದ್ದಿತು. 2014ರ ಜನವರಿಯಲ್ಲಿ ಕ್ಯಾನ್ಸಸ್ ಸಿಟಿ ತಂಡದೆದುರು 28 ಅಂಕಗಳಷ್ಟು ಹಿಂದೆ ಬಿದ್ದು, ಕೊನೆಗೆ 45-44ರಿಂದ ಗೆದ್ದ ಪಂದ್ಯವನ್ನು ಅಲ್ಲಿಯವರು ಇಂದಿಗೂ ನೆನೆಯುತ್ತಾರೆ.

ಆದರೆ ಗ್ಯಾಲರಿಯಲ್ಲಿ ಕುಳಿತವರಿಗೆ ಕಾಣುತ್ತಿದ್ದುದು ಅಂಕಫಲಕ ಮಾತ್ರ. 2015ರಲ್ಲಿ ಆತನ ಭುಜಕ್ಕೆ ಪೆಟ್ಟಾಯಿತು. ಅದೇ ವರ್ಷ ಪಂದ್ಯವೊಂದರಲ್ಲಿ ಮೂತ್ರಪಿಂಡ ಸೀಳಿತು, ಹೊಟ್ಟೆಯ ಸ್ನಾಯು ಹರಿಯಿತು. ನೋವಿನೊಡನೆಯೇ ಆಡಿ, 2017ರ ಜನವರಿಯಲ್ಲಿ ಭುಜದ ಶಸ್ತ್ರಚಿಕಿತ್ಸೆಗೆ ಒಳಗಾಗಿ, ಆ ಇಡೀ ವರ್ಷದ ಆಟವನ್ನೇ ಕಳೆದುಕೊಂಡ. 2018ರಲ್ಲಿ ಮರಳಿ ಬಂದು, ಅತ್ಯುತ್ತಮವಾಗಿ ಚೇತರಿಸಿ ಬಂದ ಆಟಗಾರನೆಂಬ ಪ್ರಶಸ್ತಿಯನ್ನೂ ಪಡೆದ. 2019ರಲ್ಲಿ ಮತ್ತೆ ಮೀನಖಂಡ ಮತ್ತು ಪಾದದ ಗಂಟಿನ ನೋವು. ಗಾಯ, ನೋವು, ಚಿಕಿತ್ಸೆ, ಮತ್ತೆ ಗಾಯ ಎಂಬ ಈ ಸುತ್ತಿನಲ್ಲಿ ನಾಲ್ಕು ವರ್ಷ ಸಿಕ್ಕಿಬಿದ್ದು ಆಟದ ಸಂತೋಷವೇ ಹೋಯಿತು, ಇದರಿಂದ ಹೊರಬರಲು ಆಟ ಬಿಡುವುದೊಂದೇ ದಾರಿಯಾಗಿ ಕಂಡಿತು ಎಂಬರ್ಥದಲ್ಲಿ ಅಂದು ರಾತ್ರಿಯೇ ಪತ್ರಕರ್ತರ ಮುಂದೆ ಆತ ಹೇಳಿಕೊಂಡ. ಧಿಕ್ಕಾರದ ಕೂಗು ತನ್ನನ್ನು ನೋಯಿಸಿತೆಂದೂ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡ.

ಅಭಿಮಾನಿಗಳ ಪಕ್ಷವನ್ನೂ ನಾವು ಹೇಳಬೇಕು. ಋತುವಿನ ಮೊದಲ ಪಂದ್ಯಕ್ಕೆ ಉಳಿದಿದ್ದುದು ಎರಡು ವಾರ. ಆ ವರ್ಷ ತಂಡ ಬಹುದೂರ ಹೋದೀತೆಂಬ ಆಸೆಯಿಂದ ಜನ ಮುಂಗಡವಾಗಿ ಹಣ ಕೊಟ್ಟು ಟಿಕೇಟು ಕೊಂಡಿದ್ದರು. ಆತನ ಬಾಯಿಂದ ಕೇಳಬೇಕಾದ ಸುದ್ದಿಯನ್ನು ಫೋನಿನಲ್ಲಿ ಓದಬೇಕಾಯಿತು. ಆಘಾತವಾದುದು ಸಹಜ. ಕೂಗಿದವರೇ ಎಲ್ಲರೂ ಅಲ್ಲ, ಕೂಗಿದವರನ್ನು ಖಂಡಿಸಿದ ಅಭಿಮಾನಿಗಳೂ ಅಲ್ಲಿದ್ದರು. ತಂಡದವರು ಸಹ ಕರಾರಿನ ಪ್ರಕಾರ ಹಿಂದಕ್ಕೆ ಕೇಳಬಹುದಾಗಿದ್ದ ಸುಮಾರು 2 ಕೋಟಿ 48 ಲಕ್ಷ ಡಾಲರನ್ನು ಆತನಿಂದ ಕೇಳಲಿಲ್ಲ. ಹಣ ಕೊಟ್ಟ ಮಾಲೀಕನೇ ಬಿಟ್ಟುಕೊಟ್ಟದ್ದನ್ನು ಟಿಕೇಟು ಕೊಂಡವನು ಬಿಟ್ಟುಕೊಡಲಾರದೆ ಹೋದ.

ನಮ್ಮ ಅಭಿಪ್ರಾಯವಿಷ್ಟೆ: ಟಿಕೇಟಿನ ಹಣಕ್ಕೆ ನಮಗೆ ಸಿಗುವುದು ಅಂದಿನ ಆಟ. ಆಟಗಾರನ ಭುಜವೂ ಮೊಣಕಾಲೂ ಅದರಲ್ಲಿ ಸೇರಿಲ್ಲ. ಪದವಿಗಾಗಿ ಕೋಟಿಗಳನ್ನು ಮುಂದೂಡಿದಾಗ ಯಾವ ವಿವೇಕವನ್ನು ಜನ ಮೆಚ್ಚಿದ್ದರೋ, ದೇಹಕ್ಕಾಗಿ ಕೋಟಿಗಳನ್ನು ಬಿಟ್ಟಾಗಲೂ ಆತ ಬಳಸಿದ್ದು ಅದೇ ವಿವೇಕವನ್ನು. ನಮಗೆ ನಷ್ಟವಿಲ್ಲದಿರುವಾಗ ಮಾತ್ರ ಇನ್ನೊಬ್ಬನ ವಿವೇಕವನ್ನು ಮೆಚ್ಚುವುದಾದರೆ ಅದು ಅಭಿಮಾನವೆನಿಸಲಾರದು.

ಇದನ್ನು ಅಮೆರಿಕದವರಿಗೆ ಉಪದೇಶಿಸುವ ಹಕ್ಕು ನಮಗೆಷ್ಟಿದೆ? ನಮ್ಮ ಕಡೆಯ ಬಯಲಾಟದಲ್ಲಿ ವಯಸ್ಸಾದ ವೇಷಧಾರಿಯ ಕಾಲುನೋವು ಊರಿಗೆಲ್ಲ ಗೊತ್ತಿದ್ದರೂ, ಪ್ರವೇಶವಾದೊಡನೆ ಧೀಂಗಿಣವೇ ಬೇಕೆಂದು ಶಿಳ್ಳೆ ಹಾಕುವವರು ನಮ್ಮವರೇ. ಅದೂ ಹೋಗಲಿ. ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಕಬಡ್ಡಿ ತಂಡದ ಹುಡುಗನೊಬ್ಬ ಪಂದ್ಯದ ದಿನ ಬೆಳಿಗ್ಗೆ ಬಂದು, "ಮಾಷ್ಟ್ರೇ, ಮೊಣಗಂಟು ನೋಯುತ್ತದೆ" ಎಂದಿದ್ದ. ಗೆದ್ದರೆ ಜಿಲ್ಲಾ ಮಟ್ಟ. ಮುಂದೆ ಹೋದರೆ ಗ್ರೇಸ್ ಮಾರ್ಕು. ಕನ್ನಡ ಮಾಧ್ಯಮದ ಶಾಲೆಯ ಹೆಸರು ನಾಲ್ಕು ಜನಕ್ಕೆ ತಿಳಿಯಬೇಕೆಂಬ ಹಂಬಲವೂ ನಮಗಿತ್ತು. "ಇವತ್ತೊಂದು ದಿನ ಆಡು ಮಗಾ" ಎಂದೆವು. ಆತ ಆಡಿದ, ನಾವು ಗೆದ್ದೆವು. ಮುಂದಿನ ಪಂದ್ಯಕ್ಕೆ ಆತ ಬರಲಿಲ್ಲ, ಬರುವ ಸ್ಥಿತಿಯಲ್ಲಿರಲಿಲ್ಲ. ಆಮೇಲೆ ಆತ ಕಬಡ್ಡಿ ಆಡಿದ್ದನ್ನು ನಾವು ಕಂಡಿಲ್ಲ. ಆ ಗೆಲುವಿನ ಕಪ್ಪು ಇಂದಿಗೂ ಆಫೀಸು ಕೋಣೆಯ ಕಪಾಟಿನಲ್ಲಿದೆ. ನಾವು ಧಿಕ್ಕಾರ ಕೂಗಲಿಲ್ಲ ನಿಜ. ಆದರೆ ಒಮ್ಮೆಯೂ ಆತನ ಮನೆಗೆ ಹೋಗಿ ವಿಚಾರಿಸಲೂ ಇಲ್ಲ.

ಲಕ್‌ನ ಕಥೆ ಆ ರಾತ್ರಿಗೇ ಮುಗಿಯಲಿಲ್ಲ. ಕಾಲೇಜು ಆಟಗಾರರ ಗೌರವಪಟ್ಟಿಯಲ್ಲಿ 2022ರಲ್ಲಿ ಆತನ ಹೆಸರು ಸೇರಿತು. ಆತ ಸ್ಟ್ಯಾನ್‌ಫರ್ಡಿಗೆ ಮರಳಿ ವಿದ್ಯಾರ್ಥಿಯಾಗಿ ಶಿಕ್ಷಣಶಾಸ್ತ್ರವನ್ನು ಅಭ್ಯಸಿಸಿದ. ಹತ್ತಿರದ ಹೈಸ್ಕೂಲೊಂದರ ಮಕ್ಕಳಿಗೆ ಆಟ ಕಲಿಸಿದ. 2024ರ ನವೆಂಬರಿನಲ್ಲಿ ತನ್ನ ಹಳೆಯ ಕಾಲೇಜು ತಂಡದ ಆಡಳಿತದ ಹೊಣೆಯನ್ನೇ ವಹಿಸಿಕೊಂಡ. ಆಟವನ್ನು ದ್ವೇಷಿಸಿ ಬಿಟ್ಟವನು ಹೀಗೆ ಮರಳಿ ಬರುತ್ತಿರಲಿಲ್ಲ. ಅಂದು ನಿಲ್ಲಿಸಿದ್ದರಿಂದಲೇ ಆತನಿಗೆ ಹೀಗೆ ಮರಳಲು ಸಾಧ್ಯವಾಯಿತೆಂದು ನಾವು ನಂಬುತ್ತೇವೆ.

ಉಪಜಿಲ್ಲಾ ಕ್ರೀಡಾಕೂಟಕ್ಕೆ ಮಕ್ಕಳನ್ನು ಕರೆದೊಯ್ಯುವ ಸಹೋದ್ಯೋಗಿಗಳಲ್ಲಿಯೂ ಹೆತ್ತವರಲ್ಲಿಯೂ ನಮ್ಮದೊಂದು ಬಿನ್ನಹವಿದೆ. ಹೊರಡುವ ಮುನ್ನ, ಎಲ್ಲಿಯಾದರೂ ನೋವಿದೆಯೇ ಎಂದು ಪ್ರತಿಯೊಂದು ಮಗುವನ್ನೂ ಪ್ರತ್ಯೇಕವಾಗಿ ಕೇಳಿರಿ. ಇದೆ ಎಂದರೆ ಆ ಮಾತನ್ನು ನಂಬಿರಿ. ಆಟ ಬಿಡುತ್ತೇನೆಂದ ಮಗುವನ್ನು ಹೇಡಿ ಎನ್ನದಿರಿ. ಅಂಥ ಮಗುವಿನ ಮನೆಗೆ ಒಮ್ಮೆ ಹೋಗಿ ಬನ್ನಿರಿ. ತಡವಾದರೂ, ಬರುವ ಭಾನುವಾರ ನಾವೂ ಆ ಹುಡುಗನ ಮನೆಗೆ ಹೋಗಿ ಬರುವವರಿದ್ದೇವೆ.